ಸಿಸ್ಟೀನ್ ಚಾಪೆಲ್‌ನ ಕರಡು ಹಾಳೆಗಳನ್ನು ಓದುವುದು ಹೇಗೆ?

"ಮೈಕೆಲ್ಯಾಂಜೆಲೊನ ಸ್ಕೆಚ್ ನೋಡಿದೆ. ಚೆನ್ನಾಗಿದೆ. ಆದರೆ ಅದರಲ್ಲಿ ನೋಡಬೇಕಾದ್ದು ಏನು?" ಈ ಪ್ರಶ್ನೆ ಪದೇ ಪದೇ ಬರುತ್ತದೆ. ರೋಮ್‌ಗೆ ಹೋಗಿ ಬಂದವರು ಕೇಳುತ್ತಾರೆ, ಚಿತ್ರಕಲೆ ಓದುವ ಹುಡುಗರು ಕೇಳುತ್ತಾರೆ, ಮನೆಯಲ್ಲೇ ಕೂತು ಮ್ಯೂಸಿಯಂ ವೆಬ್‌ಸೈಟ್ ತಿರುವಿ ಹಾಕುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಡೋಣ ಅಂತ ಇದು.

ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಕರಡು ಚಿತ್ರ ಕಲಾವಿದನ ಕೆಲಸದ ಹಾಳೆ. ಅವನಿಗೆ ಎಲ್ಲಿ ತೊಡಕಿತ್ತೋ ಅಲ್ಲಿ ಗೆರೆ ಜಾಸ್ತಿ. ಎಲ್ಲಿ ಯೋಚನೆ ಬೇಕಿರಲಿಲ್ಲವೋ ಅಲ್ಲಿ ಖಾಲಿ. ಹಾಗಾಗಿ "ಎಷ್ಟು ಚೆನ್ನಾಗಿ ಬರೆದಿದ್ದಾನೆ" ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. "ಇಲ್ಲಿ ಏನನ್ನು ಬಗೆಹರಿಸಲು ನೋಡುತ್ತಿದ್ದಾನೆ" ಅಂತ ಕೇಳಿ. ಮುಂದಿನ ಎಲ್ಲ ಹಂತಗಳೂ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಉದಾಹರಣೆಗೆ ಸಿಸ್ಟೀನ್ ಚಾಪೆಲ್, ಅಂದರೆ ವ್ಯಾಟಿಕನ್‌ನಲ್ಲಿರುವ ಪೋಪ್‌ರ ಪ್ರಾರ್ಥನಾ ಮಂದಿರವನ್ನು ಆರಿಸಿಕೊಂಡಿದ್ದೇನೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ್ದೋ ಲೇಪಾಕ್ಷಿಯದ್ದೋ ಚಾವಣಿ ಚಿತ್ರಗಳನ್ನು ಆರಿಸಬಹುದಿತ್ತಲ್ಲ ಅನ್ನಬೇಡಿ. ಅವುಗಳ ಕಾಗದದ ಕರಡು ನಮಗೆ ಉಳಿದಿಲ್ಲ. ವ್ಯಾಟಿಕನ್ ಚಾವಣಿಯ ಹಾಳೆಗಳು ಒಂದಷ್ಟು ಉಳಿದಿವೆ, ಮನೆಯಲ್ಲೇ ಕೂತು ನೋಡಲೂ ಸಿಗುತ್ತವೆ.

ಹಿನ್ನೆಲೆ ಇಷ್ಟು ಸಾಕು. ಪೋಪ್ ಎರಡನೇ ಜೂಲಿಯಸ್ ಹೇಳಿದ ಮೇಲೆ ಮೈಕೆಲ್ಯಾಂಜೆಲೊ 1508ರಿಂದ 1512ರವರೆಗೆ ಈ ಚಾವಣಿಗೆ ಬಣ್ಣ ಹಚ್ಚಿದ. ಅದೇ ಚಾಪೆಲ್‌ನ ಪೂಜಾ ಪೀಠದ ಹಿಂದಿನ ಗೋಡೆಯ 'ಅಂತಿಮ ತೀರ್ಪು' (ಲೋಕದ ಕೊನೆಯಲ್ಲಿ ಕ್ರಿಸ್ತ ಎಲ್ಲರಿಗೂ ತೀರ್ಪು ಕೊಡುವ ಚಿತ್ರ) ಆಮೇಲಿನದು, 1536ರಿಂದ 1541.

ಏನೇನು ಬೇಕು?

ಒಂದು ಕರಡು ಹಾಳೆಯ ದೊಡ್ಡ ಫೋಟೊ. ಶುರು ಮಾಡಲು 'ಲಿಬಿಯಾದ ಸಿಬಿಲ್' ಹಾಳೆಗಿಂತ ಒಳ್ಳೆಯದು ಇಲ್ಲ. ಅದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅವರ ವೆಬ್‌ಸೈಟಿನಿಂದ ದೊಡ್ಡ ಅಳತೆಯ ಫೋಟೊ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಸಿಬಿಲ್ ಅಂದರೆ ಹಳೆಯ ಗ್ರೀಕ್–ರೋಮನ್ ಕಾಲದ ಭವಿಷ್ಯ ನುಡಿಯುವ ಹೆಂಗಸು. ಇವರೂ ಕ್ರಿಸ್ತನ ಬರವನ್ನು ಮೊದಲೇ ಸೂಚಿಸಿದ್ದರು ಎಂಬ ನಂಬಿಕೆಯಿಂದ ಚಾವಣಿಯಲ್ಲಿ ಏಳು ಪ್ರವಾದಿಗಳ ಜೊತೆ ಐದು ಸಿಬಿಲ್‌ಗಳಿಗೂ ಜಾಗ ಸಿಕ್ಕಿದೆ.

ಗೋಡೆಯ ಮೇಲಿನ ಅದೇ ಆಕೃತಿಯ ಫೋಟೊ. (ಈ ಬರಹದಲ್ಲಿ 'ಗೋಡೆ' ಅಂದಾಗ ಚಾವಣಿಯೂ ಸೇರಿತು.) ಇಲ್ಲೊಂದು ಎಚ್ಚರ. ಚಾವಣಿಯನ್ನು 1980ರ ದಶಕದಲ್ಲಿ ತೊಳೆದು ಶುಚಿ ಮಾಡಿದರು. ಅದಕ್ಕೂ ಹಿಂದಿನ ಫೋಟೊಗಳಲ್ಲಿ ಮಸಿ, ಹಳೆಯ ಅಂಟಿನ ಪದರ ಕೂತು ಎಲ್ಲ ಕಂದಾಗಿ ಕಾಣುತ್ತದೆ. ಹಳೆಯ ಪುಸ್ತಕದ ಫೋಟೊ ಇಟ್ಟುಕೊಂಡು ನೆರಳು–ಬೆಳಕು ಹೋಲಿಸಲು ಹೋದರೆ ದಾರಿ ತಪ್ಪುತ್ತೀರಿ. ವ್ಯಾಟಿಕನ್ ಮ್ಯೂಸಿಯಂ ವೆಬ್‌ಸೈಟಿನಲ್ಲಿ ಸುತ್ತಲೂ ತಿರುಗಿಸಿ ನೋಡುವ ಸೌಲಭ್ಯವಿದೆ, ಅದನ್ನೇ ಬಳಸಿ.

ಇವುಗಳ ಜೊತೆ ಒಂದು ಎ4 ಹಾಳೆ, ಪೆನ್ಸಿಲ್. ಫೋನ್ ಆದರೂ ನಡೆಯುತ್ತದೆ, ಆದರೆ ಲ್ಯಾಪ್‌ಟಾಪ್ ಇದ್ದರೆ ಕಣ್ಣಿಗೆ ಸುಖ.

1. ಚಿತ್ರಕ್ಕಿಂತ ಮೊದಲು ಚೀಟಿ ಓದಿ

ಮ್ಯೂಸಿಯಂ ಕೊಡುವ ವಿವರದ ಚೀಟಿಯನ್ನು ಹೆಚ್ಚಿನವರು ಓದುವುದೇ ಇಲ್ಲ. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಅಳತೆ ನೋಡಿ. ಸಿಬಿಲ್ ಹಾಳೆ 28.9 × 21.4 ಸೆಂಟಿಮೀಟರ್. ನಿಮ್ಮ ಕೈಯಲ್ಲಿರುವ ಎ4 ಹಾಳೆಯೂ ಹೆಚ್ಚುಕಮ್ಮಿ ಅಷ್ಟೇ. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಮುಂದೆ ನೋಡಿ. ಗೋಡೆಯ ಮೇಲೆ ಇದೇ ಆಕೃತಿ ಸುಮಾರು ನಾಲ್ಕು ಮೀಟರ್ ಎತ್ತರವಿದೆ. ಅಂದರೆ ಈ ಹಾಳೆಯನ್ನು ನೇರವಾಗಿ ಗೋಡೆಗೆ ಇಳಿಸಿಲ್ಲ, ನಡುವೆ ಇನ್ನೂ ಹಂತಗಳಿವೆ.

ಆಮೇಲೆ ಯಾವುದರಿಂದ ಬರೆದದ್ದು ಅಂತ ನೋಡಿ. 'ರೆಡ್ ಚಾಕ್' ಅಂದರೆ ಕೆಮ್ಮಣ್ಣಿನ ಜಾತಿಯ ಕಡ್ಡಿ. ಚೂಪು ಮಾಡಬಹುದು, ಮೈಬಣ್ಣಕ್ಕೂ ಹತ್ತಿರ, ಅದಕ್ಕೇ ಸ್ನಾಯುಗಳ ಅಭ್ಯಾಸಕ್ಕೆ ಇಷ್ಟವಾಗಿತ್ತು. 'ಬ್ಲ್ಯಾಕ್ ಚಾಕ್' ಮೆದು, ಬೇಗ ಬೇಗ ಯೋಚನೆ ಹಿಡಿಯಲು ಒಳ್ಳೆಯದು. 'ಪೆನ್ ಅಂಡ್ ಬ್ರೌನ್ ಇಂಕ್' ಅಂದರೆ ಹಕ್ಕಿಗರಿಯ ಲೇಖನಿ. 'ಸ್ಟೈಲಸ್' ಅಂದರೆ ಮಸಿಯಿಲ್ಲದ ಮೊನೆ. ಅದು ಕಾಗದದಲ್ಲಿ ಬರೀ ತಗ್ಗು ಗೆರೆ ಬಿಡುತ್ತದೆ, ಫೋಟೊದಲ್ಲಿ ಕಾಣದೇ ಹೋಗುವುದೇ ಜಾಸ್ತಿ.

'ರೆಕ್ಟೊ' ಅಂದರೆ ಹಾಳೆಯ ಮುಂಬದಿ, 'ವರ್ಸೊ' ಅಂದರೆ ಹಿಂಬದಿ. ಹಿಂಬದಿಯ ಫೋಟೊ ಇದ್ದರೆ ಕಡ್ಡಾಯವಾಗಿ ತೆರೆಯಿರಿ. ಸಿಬಿಲ್ ಹಾಳೆಯ ಹಿಂದೆ ಕಪ್ಪು ಚಾಕ್‌ನಲ್ಲಿ ಕೂತ ಭಂಗಿಯ ಒಂದು ಆಕೃತಿಯಿದೆ. ಮುಂಬದಿಯ ಸೊಗಸು ಅದಕ್ಕಿಲ್ಲ, ಹಾಗಾಗಿ ಯಾರೂ ಹಂಚಿಕೊಳ್ಳುವುದಿಲ್ಲ.

ಕಲಾವಿದನ ಹೆಸರಿನ ಹಿಂದೆ–ಮುಂದೆ ಇರುವ ಪದಗಳನ್ನೂ ಬಿಡಬೇಡಿ. 'ಆಟ್ರಿಬ್ಯೂಟೆಡ್ ಟು' ಅಂದರೆ ಬಹುಶಃ ಅವನದೇ ಅಂತ ತಜ್ಞರ ಅಂದಾಜು. 'ಸ್ಟುಡಿಯೊ ಆಫ್' ಅಂದರೆ ಅವನ ಕಾರ್ಯಾಗಾರದ ಯಾರೋ ಬರೆದದ್ದು. 'ಆಫ್ಟರ್' ಅಂತಿದ್ದರೆ ಮುಗಿದ ಚಿತ್ರ ನೋಡಿ ಬೇರೆಯವರು ಮಾಡಿದ ನಕಲು. ನಕಲನ್ನು ಕರಡು ಅಂದುಕೊಂಡು "ನೋಡಿ, ಮೊದಲೇ ಎಲ್ಲ ಪಕ್ಕಾ ಯೋಚಿಸಿದ್ದ" ಅಂತ ಬರೆದವರನ್ನು ಬೇಕಾದಷ್ಟು ಕಾಣಬಹುದು.

2. ಇದು ಯಾವ ಹಂತದ ಹಾಳೆ?

ಗೋಡೆಚಿತ್ರಕ್ಕೆ ಮೊದಲಿನ ಕಾಗದಗಳೆಲ್ಲ ಒಂದೇ ಥರ ಅಲ್ಲ.

ಎಲ್ಲಕ್ಕಿಂತ ಮೊದಲು ಯೋಜನೆಯ ಹಾಳೆ, ಅಂದರೆ ಎಲ್ಲಿ ಏನು ಬರಬೇಕು ಅನ್ನುವ ನಕ್ಷೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಸಿಸ್ಟೀನ್ ಚಾವಣಿಯ ಇಂಥ ಒಂದು ಹಾಳೆಯಿದೆ, ಡೆಟ್ರಾಯಿಟ್‌ನಲ್ಲಿ ಇನ್ನೊಂದು. ತೆರೆದು ನೋಡಿದರೆ, ಈಗ ಚಾವಣಿಯಲ್ಲಿ ಕಾಣುವ ಆದಾಮ (ಬೈಬಲ್‌ನ ಮೊದಲ ಮನುಷ್ಯ) ಇಲ್ಲ, ಸೃಷ್ಟಿ ಇಲ್ಲ, ಸಿಬಿಲ್ ಇಲ್ಲ! ಯಾಕೆಂದರೆ ಮೊದಲು ಒಪ್ಪಿಗೆಯಾಗಿದ್ದು ಹನ್ನೆರಡು ಅಪೊಸ್ತಲರು (ಯೇಸುವಿನ ಶಿಷ್ಯರು) ಮತ್ತು ಸುತ್ತ ಅಲಂಕಾರ. ಹಾಗೆ ಮಾಡಿದರೆ ಬಡಕಲಾಗಿ ಕಾಣುತ್ತದೆ ಅಂತ ಪೋಪ್‌ಗೆ ಹೇಳಿದೆ ಎಂದು ಮೈಕೆಲ್ಯಾಂಜೆಲೊ 1523ರ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನೆ. ಆ ಹಾಳೆಯಲ್ಲಿ ಸಿಂಹಾಸನಗಳು ಮತ್ತು ಚೌಕ–ವೃತ್ತಗಳ ವಿನ್ಯಾಸ ಕಾಣುತ್ತವೆ. ಸಿಂಹಾಸನಗಳು ಕೊನೆಗೂ ಉಳಿದವು, ಅದರ ಮೇಲೆ ಕೂರುವವರು ಬದಲಾದರು.

ಆಮೇಲೆ ಒಂದೊಂದು ಆಕೃತಿಯ ಅಭ್ಯಾಸ. ನಮ್ಮ ಸಿಬಿಲ್ ಇದೇ ಗುಂಪಿನದು. ಆಮೇಲೆ ಎಲ್ಲವನ್ನೂ ಒಟ್ಟುಗೂಡಿಸಿದ ಅಚ್ಚುಕಟ್ಟಾದ ಚಿತ್ರ, ಇದಕ್ಕೆ 'ಮೊಡೆಲ್ಲೊ' ಅನ್ನುತ್ತಾರೆ. ಕೆಲಸ ಕೊಟ್ಟವರಿಗೆ ತೋರಿಸಲೂ ಇದು ಬೇಕಾಗುತ್ತಿತ್ತು. ಕೊನೆಗೆ 'ಕಾರ್ಟೂನ್'. ಪತ್ರಿಕೆಯ ವ್ಯಂಗ್ಯಚಿತ್ರ ಅಲ್ಲ. ಗೋಡೆಯ ಅಳತೆಗೇ ಹಾಳೆಗಳನ್ನು ಅಂಟಿಸಿ ಬರೆದ ದೊಡ್ಡ ಚಿತ್ರ.

ಹಂತ ಗೊತ್ತಿಲ್ಲದೆ ಹಾಳೆ ಓದಿದರೆ ತಪ್ಪು ತೀರ್ಮಾನಕ್ಕೆ ಬರುವುದು ಖಚಿತ. ಯೋಜನೆಯ ಹಾಳೆಯಲ್ಲಿ ಮುಖಭಾವ ಹುಡುಕಬೇಡಿ. ಆಕೃತಿಯ ಅಭ್ಯಾಸದಲ್ಲಿ ಕಥೆ ಹುಡುಕಬೇಡಿ.

3. ಎಣಿಸಿ, ಆಮೇಲೆ ಹತ್ತಿರ ಹೋಗಿ

ಇದು ಮುಖ್ಯ ಹಂತ. ಅವಸರ ಬೇಡ.

ಸಿಬಿಲ್ ಹಾಳೆಯನ್ನು ತೆರೆದು, ಜೂಮ್ ಮಾಡದೆ ಇಡೀ ಹಾಳೆ ನೋಡಿ. ಬೆನ್ನು ತೋರಿಸಿಕೊಂಡು ತಿರುಚಿ ಕೂತ ಬೆತ್ತಲೆ ದೇಹ ದೊಡ್ಡದಾಗಿದೆ. ಕೆಳಗೆ ಎಡಕ್ಕೆ ಅದೇ ತಲೆ ಇನ್ನೊಮ್ಮೆ ಇದೆ. ಒಂದು ಕೈ, ಒಂದು ಪಾದ ಇವೆ. ಮತ್ತೆ ಕಾಲ್ಬೆರಳು, ಮತ್ತೆ ಕಾಲ್ಬೆರಳು.

ನಿಮ್ಮ ಎ4 ಹಾಳೆಯಲ್ಲಿ ಈ ಒಂದೊಂದಕ್ಕೂ ಸುಮ್ನೆ ಒಂದು ಗುಂಡು ಹಾಕಿ. ಚಿತ್ರ ಬರೆಯಲು ಬರಬೇಕಾಗಿಲ್ಲ. ಯಾವುದು ಎರಡನೇ ಸಲ ಬಂದಿದೆ ಅಂತ ಗುರುತು ಮಾಡಿ. ಆಮೇಲೆ ಹಾಳೆಯಲ್ಲಿ ಇಲ್ಲದ್ದನ್ನು ಬದಿಗೆ ಬರೆಯಿರಿ. ಬಟ್ಟೆ ಇಲ್ಲ. ಸಿಂಹಾಸನ ಇಲ್ಲ. ಗೋಡೆಯ ಮೇಲೆ ಅವಳು ಹಿಡಿದಿರುವ ಆ ಭಾರಿ ಪುಸ್ತಕವೂ ಇಲ್ಲ.

ಈಗ ಪಾದದ ಹತ್ತಿರ ಹೋಗಿ. ಅಷ್ಟು ದೊಡ್ಡ ಕಲಾವಿದ ಎಡಗಾಲಿನ ಬೆರಳುಗಳನ್ನು ಯಾಕೆ ಮತ್ತೆ ಮತ್ತೆ ಬರೆದ? ಉತ್ತರ ಗೋಡೆಯ ಮೇಲಿದೆ. ಅಲ್ಲಿ ಸಿಬಿಲ್ ಹಿಂದಕ್ಕೆ ತಿರುಗಿ, ಎರಡೂ ಕೈ ಚಾಚಿ ತೆರೆದ ಪುಸ್ತಕ ಹಿಡಿದಿದ್ದಾಳೆ. ಭುಜ ಒಂದು ಕಡೆ, ಸೊಂಟ ಇನ್ನೊಂದು ಕಡೆ. ಇಷ್ಟೆಲ್ಲ ತಿರುಚಿದ ದೇಹದ ಭಾರ ಕಾಲ್ಬೆರಳುಗಳ ಮೇಲೆ ಬರುತ್ತದೆ. ಬೆರಳು ನೆಲಕ್ಕೆ ಸರಿಯಾಗಿ ಒತ್ತಿದಂತೆ ಕಾಣದಿದ್ದರೆ ಅವಳು ಮುಗ್ಗರಿಸಿ ಬೀಳುವ ಹಾಗೆ ಕಾಣುತ್ತಾಳೆ. ನೋಡುವವರು ಸುಮಾರು 20 ಮೀಟರ್ ಕೆಳಗೆ ನಿಂತಿದ್ದಾರೆ. ಬೆರಳು ಅವರ ಕಣ್ಣಿಗೆ ಕಾಣದಿರಬಹುದು, ಆದರೆ ಅವಳು ಗಟ್ಟಿಯಾಗಿ ಕೂತಿದ್ದಾಳೋ ಜಾರುತ್ತಿದ್ದಾಳೋ ಅನ್ನುವುದು ಕಂಡೇ ಕಾಣುತ್ತದೆ. ಅವನ ತೊಡಕು ಅದೇ.

ಬೆನ್ನಿಗೆ ಬನ್ನಿ. ಭುಜದ ಎಲುಬುಗಳ ಸುತ್ತ ಕೆಂಪು ಚಾಕ್ ದಟ್ಟವಾಗಿದೆ. ಸೊಂಟದ ಕೆಳಗೆ ಗೆರೆ ತೆಳುವಾಗುತ್ತಾ ಕರಗುತ್ತದೆ. ಎಡ ಭುಜದ ಮೇಲೆ ಬಿಳಿ ಚಾಕ್‌ನ ಸಣ್ಣ ಸ್ಪರ್ಶವಿದೆ, ಬೆಳಕು ಎಲ್ಲಿ ಬೀಳಬೇಕು ಅನ್ನುವ ಗುರುತು. ಗೋಡೆಯ ಚಿತ್ರದಲ್ಲಿ ಬಟ್ಟೆಯ ಹೊರಗೆ ಕಾಣುವುದು ಈ ಭುಜ, ಈ ತೋಳು. ಮುಚ್ಚಿಹೋಗುವ ಭಾಗಕ್ಕೆ ಅವನು ಚಾಕ್ ಸವೆಸಿಲ್ಲ.

ಇನ್ನು ಎರಡನೇ ತಲೆ. ದೊಡ್ಡ ಆಕೃತಿಯ ಮುಖ ಗಂಡಸಿನದು, ಅದರಲ್ಲಿ ಅನುಮಾನ ಬೇಡ. ಮಾಡೆಲ್ ಆಗಿ ಕೂತವನು ಬಹುಶಃ ಕಾರ್ಯಾಗಾರದ ಒಬ್ಬ ಹುಡುಗ. ಕೆಳಗಿನ ತಲೆಯಲ್ಲಿ ಆ ಗಡಸು ಕಡಿಮೆಯಾಗಿದೆ ಅಂತ ನನಗನಿಸುತ್ತದೆ. ಹುಡುಗನಿಂದ ಸಿಬಿಲ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ನಿಲ್ದಾಣ ಅದು. ನೀವೂ ನೋಡಿ ತೀರ್ಮಾನ ಮಾಡಿ.

ಎಚ್ಚರ: ಹೆಣ್ಣಿನ ಚಿತ್ರಕ್ಕೆ ಗಂಡು ಮಾಡೆಲ್ ಅಂದ ಕೂಡಲೇ ಕಲಾವಿದನ ಖಾಸಗಿ ಬದುಕಿನ ಕಥೆ ಕಟ್ಟುವ ಚಪಲ ಬಹಳ ಜನಕ್ಕಿದೆ. ಆ ಕಾಲದ ಕಾರ್ಯಾಗಾರಗಳಲ್ಲಿ ಹುಡುಗರನ್ನೇ ಕೂರಿಸಿ ಬರೆಯುವುದು ಮಾಮೂಲಿ. ಬರೀ ಈ ಒಂದು ಹಾಳೆಯಿಂದ ಅದಕ್ಕಿಂತ ಹೆಚ್ಚು ಹೇಳಲಾಗುವುದಿಲ್ಲ.

ಇನ್ನೊಂದು ಎಚ್ಚರ: ಒಂದೇ ಹಾಳೆಯಲ್ಲಿ ಇರುವುದೆಲ್ಲ ಒಂದೇ ಕೆಲಸಕ್ಕೆ ಸೇರಿದ್ದು ಅಂದುಕೊಳ್ಳಬೇಡಿ. ಕಾಗದ ದುಬಾರಿಯಾಗಿತ್ತು. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿ ಒಂದು ಹಾಳೆಯಿದೆ. ಅದರಲ್ಲಿ ಲಿಬಿಯಾದ ಸಿಬಿಲ್‌ಳ ಪಕ್ಕದ ಹುಡುಗ ಮತ್ತು ಅವಳ ಕೈ ಕೆಂಪು ಚಾಕ್‌ನಲ್ಲಿವೆ. ಅದೇ ಹಾಳೆಯಲ್ಲಿ ಪೆನ್‌ನಿಂದ ಬರೆದ ಪುಟ್ಟ ಪುಟ್ಟ ಕೈದಿಗಳ ಆಕೃತಿಗಳೂ ಇವೆ. ಈ ಕೈದಿಗಳು ಪೋಪ್ ಜೂಲಿಯಸ್‌ನ ಸಮಾಧಿಯ ಶಿಲ್ಪಗಳಿಗಾಗಿ ಮಾಡಿದ್ದು. ಇದನ್ನು ತಿಳಿಯದವರು ಸಿಬಿಲ್‌ಗೂ ಕೈದಿಗಳಿಗೂ ಗೂಢ ಸಂಬಂಧ ಹುಡುಕಿಬಿಡುತ್ತಾರೆ. ಚಾಕ್ ಬದಲಾಗಿ ಪೆನ್ ಬಂದರೆ, ಅಳತೆ ತಟ್ಟನೆ ಚಿಕ್ಕದಾದರೆ, ಹಾಳೆ ತಲೆಕೆಳಗಾಗಿ ತಿರುಗಿಸಿ ಬರೆದಿದ್ದರೆ, "ಇದು ಬೇರೆ ಹೊತ್ತಿನ ಕೆಲಸವೇ?" ಅಂತ ಕೇಳಿಕೊಳ್ಳಿ.

4. ಗೋಡೆಯ ಪಕ್ಕದಲ್ಲಿಟ್ಟು ನೋಡಿ

ಎರಡೂ ಫೋಟೊ ಅಕ್ಕಪಕ್ಕ ಇಡಿ. ಹಾಗೇ ಉಳಿದದ್ದು, ಬದಲಾದದ್ದು, ಹೊಸದಾಗಿ ಬಂದದ್ದು ಅಂತ ಮೂರು ಪಟ್ಟಿ ಮಾಡಿ. ಮೊದಲ ಪಟ್ಟಿ ಬೇಗ ತುಂಬುತ್ತದೆ, ಅದರಿಂದ ಸಿಗುವುದು ಕಡಿಮೆ. ಉಳಿದೆರಡರಲ್ಲಿ ಸಮಯ ಕಳೆಯಿರಿ.

'ಆದಾಮನ ಸೃಷ್ಟಿ' ಚಿತ್ರದಲ್ಲಿ ಜಗತ್ತೇ ನೋಡುವುದು ದೇವರ ಬೆರಳು, ಆದಾಮನ ಬೆರಳು, ಆ ಎರಡನ್ನು. ಅದರ ಆದಾಮನ ಕರಡು ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಕೆಂಪು ಚಾಕ್‌ನದು. ಅದರಲ್ಲಿ ಎದೆ, ಹೊಟ್ಟೆ, ಪಕ್ಕೆಗಳ ಸ್ನಾಯುಗಳು ತಿದ್ದಿ ತೀಡಿದಂತಿವೆ. ತಲೆ ಮಾತ್ರ ತೆಳು ಗೆರೆಯ ಗುರುತು. ನಮಗೆ ಮುಖ್ಯವಾದದ್ದೇ ಅವನಿಗೂ ಆ ಹೊತ್ತಿಗೆ ಮುಖ್ಯವಾಗಿರಬೇಕು ಅಂತಿಲ್ಲ.

ಕೆಲವು ಬದಲಾವಣೆಗಳ ಹಿಂದೆ ದೊಡ್ಡ ನಿರ್ಧಾರಗಳಿರುತ್ತವೆ. ಫ್ಲಾರೆನ್ಸ್‌ನ ಕಾಸಾ ಬ್ಯೂನರೋಟಿ ಮ್ಯೂಸಿಯಂನಲ್ಲಿ 'ಅಂತಿಮ ತೀರ್ಪು' ಚಿತ್ರದ ಒಂದು ಆರಂಭದ ಕರಡಿದೆ. ಅದರ ಕೆಳಭಾಗದಲ್ಲಿ ಒಂದು ಚೌಕಟ್ಟಿನ ಜಾಗವನ್ನು ಬಿಟ್ಟಿದ್ದಾನೆ. ಆ ಗೋಡೆಯಲ್ಲಿ ಆಗಲೇ ಹಿಂದಿನ ತಲೆಮಾರಿನ ಕಲಾವಿದ ಪೆರುಜಿನೊ ಬರೆದ, ಯೇಸುವಿನ ತಾಯಿ ಮರಿಯಳ ಸ್ವರ್ಗಾರೋಹಣದ ಚಿತ್ರವಿತ್ತು. ಅದನ್ನು ಉಳಿಸಿಕೊಂಡೇ ಸುತ್ತ ಬರೆಯುವ ಯೋಚನೆ ಮೊದಲಿತ್ತು ಅನ್ನುವುದು ಈ ಖಾಲಿ ಜಾಗದಿಂದ ಗೊತ್ತಾಗುತ್ತದೆ. ಕೊನೆಗೆ ಅದನ್ನು ಅಳಿಸಿ ಇಡೀ ಗೋಡೆಗೆ ಹೊಸ ಚಿತ್ರ ಬಂತು.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. 'ಅಂತಿಮ ತೀರ್ಪು' ಕರಡುಗಳಲ್ಲಿ ಬೆತ್ತಲೆ ಇರುವ ಆಕೃತಿಗಳಿಗೆ ಗೋಡೆಯ ಮೇಲೆ ಬಟ್ಟೆ ತುಂಡು ಕಾಣುತ್ತದೆ. "ಮೈಕೆಲ್ಯಾಂಜೆಲೊ ಮನಸ್ಸು ಬದಲಾಯಿಸಿದ" ಅಂತ ಬರೆಯಬೇಡಿ. ಅವನು 1564ರಲ್ಲಿ ತೀರಿಕೊಂಡ. ಬೆತ್ತಲೆ ಮೈಗಳನ್ನು ಮುಚ್ಚಬೇಕೆಂದು ಚರ್ಚ್ ತೀರ್ಮಾನಿಸಿತು, ಅವನ ಶಿಷ್ಯ ಡ್ಯಾನಿಯೆಲೆ ದಾ ವೋಲ್ತೆರಾ ಆ ಬಟ್ಟೆಗಳನ್ನು ಸೇರಿಸಿದ. ಆಮೇಲೆ ಬೇರೆಯವರೂ ಸೇರಿಸಿದರು. ಮುಚ್ಚುವ ಮೊದಲು ಹೇಗಿತ್ತು ಅಂತ ನೋಡಲು ಮಾರ್ಚೆಲ್ಲೊ ವೆನುಸ್ತಿ 1549ರಲ್ಲಿ ಮಾಡಿದ ಪುಟ್ಟ ನಕಲು ನೇಪಲ್ಸ್‌ನಲ್ಲಿದೆ. ಕರಡಿನ ಜೊತೆ ಹೋಲಿಸಲು ಅದನ್ನೂ ಇಟ್ಟುಕೊಳ್ಳಿ.

5. ತೂತು, ತಗ್ಗು, ಚೌಕ ಹುಡುಕಿ

ಫ್ರೆಸ್ಕೊ ಅಂದರೆ ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವುದು. ಸುಣ್ಣದ ಗಾರೆ ಒಣಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ಹಚ್ಚಿದ ಬಣ್ಣ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ಒಂದು ದಿನಕ್ಕೆ ಎಷ್ಟು ಆಗುತ್ತೋ ಅಷ್ಟೇ ಗಾರೆ ಬಳಿಯುತ್ತಿದ್ದರು. ಆ ಒಂದು ದಿನದ ತುಂಡಿಗೆ 'ಜೊರ್ನಾತಾ' ಎಂದು ಹೆಸರು. ಹಸಿ ಗಾರೆಯ ಮುಂದೆ ನಿಂತು ಯೋಚಿಸಲು ಸಮಯ ಇಲ್ಲ, ಕರಡು ಬೇಕಾಗುತ್ತಿದ್ದದ್ದೇ ಅದಕ್ಕೆ.

ಕಾರ್ಟೂನ್‌ನಿಂದ ಗೋಡೆಗೆ ಚಿತ್ರ ಇಳಿಸಲು ಎರಡು ದಾರಿಗಳಿದ್ದವು. ಒಂದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಗಾರೆಗೆ ಒತ್ತಿ ಹಿಡಿದು, ಇದ್ದಿಲು ಪುಡಿಯ ಗಂಟಿನಿಂದ ತಟ್ಟುವುದು. ಇದರ ಹೆಸರು 'ಸ್ಪೊಲ್ವೆರೊ'. ಬ್ಲೌಸ್‌ಗೆ ಆರಿ ವರ್ಕ್ ಮಾಡುವವರು ಕಾಗದಕ್ಕೆ ತೂತು ಹೊಡೆದು ಡಿಸೈನ್ ಇಳಿಸುತ್ತಾರಲ್ಲ, ಅದೇ ಉಪಾಯ. ಇನ್ನೊಂದು, ಕಾಗದದ ಮೇಲೆ ಮೊನೆಯಿಂದ ಒತ್ತಿ ಹಸಿ ಗಾರೆಯಲ್ಲಿ ತಗ್ಗು ಗೆರೆ ಮೂಡಿಸುವುದು. ಇದು ಬೇಗ ಆಗುತ್ತದೆ, ನಯ ಕಡಿಮೆ. ಸಿಸ್ಟೀನ್ ಚಾವಣಿಯಲ್ಲಿ ಎರಡೂ ಇವೆ. ಕೆಲಸ ಮುಂದುವರಿದಂತೆ ಮೈಕೆಲ್ಯಾಂಜೆಲೊ ಎರಡನೆಯದನ್ನು ಹೆಚ್ಚು ನೆಚ್ಚಿಕೊಂಡ. ಕೈ ಪಳಗಿತ್ತು.

ಹಾಳೆಯಲ್ಲಿ ಸಾಲು ತೂತು ಕಂಡರೆ ಅದು ಎಲ್ಲಿಗೋ ಇಳಿಸಿದ ಚಿತ್ರ. ಚೌಕಳಿ ಗೆರೆ ಕಂಡರೆ ದೊಡ್ಡದು ಮಾಡಲು ಅಳತೆ ಹಾಕಿದ್ದು. ಸಿಬಿಲ್ ಹಾಳೆಯಂಥದ್ದರಲ್ಲಿ ಇವನ್ನು ಹುಡುಕಿ ಸಿಗದಿದ್ದರೆ ಬೇಜಾರಾಗಬೇಡಿ. ಅದು ಇನ್ನೂ ಯೋಚನೆಯ ಹಂತ. ಸಿಸ್ಟೀನ್ ಚಾವಣಿಯ ಪೂರ್ಣ ಅಳತೆಯ ಕಾರ್ಟೂನ್ ಒಂದೂ ಉಳಿದಿಲ್ಲ.

ಕಾರ್ಟೂನ್ ಹೇಗಿರುತ್ತದೆ ಅಂತ ನೋಡಲೇಬೇಕು ಅನ್ನುವವರು ಮಿಲಾನ್‌ನ ಆಂಬ್ರೋಸಿಯಾನಾ ಕಲಾ ಸಂಗ್ರಹಾಲಯದಲ್ಲಿರುವ, ಅದೇ ಕಾಲದ ಕಲಾವಿದ ರಾಫೆಲ್‌ನ 'ಅಥೆನ್ಸ್ ಶಾಲೆ' ಕಾರ್ಟೂನ್ ನೋಡಿ. ಎಂಟು ಮೀಟರ್ ಉದ್ದ. ವಿಷಯ ಧಾರ್ಮಿಕವಲ್ಲ, ಆದರೆ ವ್ಯಾಟಿಕನ್‌ನಲ್ಲಿ ಅದರ ಎದುರಿನ ಗೋಡೆಯಲ್ಲೇ ರಾಫೆಲ್‌ನ 'ದಿಸ್ಪುತಾ' ಇದೆ, ಪವಿತ್ರ ಪ್ರಸಾದದ ಸುತ್ತ ಸೇರಿದ ಸಂತರು ಮತ್ತು ಪಂಡಿತರ ಚಿತ್ರ. ಈ ಕಾರ್ಟೂನ್‌ನಲ್ಲಿ ಕಟ್ಟಡ ಇಲ್ಲ. ಮುಂಭಾಗದಲ್ಲಿ ಕಲ್ಲಿಗೆ ಮೊಣಕೈ ಊರಿ ಬರೆಯುತ್ತಾ ಕೂತವನೂ ಇಲ್ಲ. ಅವನು ಆಮೇಲೆ ಬಂದ.

6. ಧಾರ್ಮಿಕ ಅರ್ಥಕ್ಕೆ ಕೊನೆಯಲ್ಲಿ ಬನ್ನಿ

ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ. ಅದಕ್ಕೇ ಎಡವುತ್ತಾರೆ.

ಮೊದಲು ಮೂಲ ಕಥೆ ಓದಿ. ಕನ್ನಡ ಬೈಬಲ್ ಸುಲಭವಾಗಿ ಸಿಗುತ್ತದೆ. ಆದಾಮನಿಗೆ ಆದಿಕಾಂಡದ ಮೊದಲ ಎರಡು ಅಧ್ಯಾಯ ಸಾಕು. ಆಮೇಲೆ, ಕರಡಿನಲ್ಲಿ ಆದ ಬದಲಾವಣೆ ಕಥೆಯ ಅರ್ಥವನ್ನು ಬದಲಾಯಿಸಿತೇ ಅಂತ ಕೇಳಿ.

ಇದಕ್ಕೆ ಒಳ್ಳೆಯ ಉದಾಹರಣೆ ಲಿಯೊನಾರ್ಡೊನ 'ಕೊನೆಯ ಭೋಜನ'. ಅದು ಮಿಲಾನ್‌ನ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಮಠದ ಊಟದ ಮನೆಯ ಗೋಡೆಯಲ್ಲಿದೆ. (ಅದು ಫ್ರೆಸ್ಕೊ ಅಲ್ಲ, ಒಣ ಗೋಡೆಯ ಮೇಲೆ ಬರೆದದ್ದು. ಬೇಗ ಉದುರಲು ಕಾರಣವೂ ಅದೇ.) ಇಂಗ್ಲೆಂಡಿನ ವಿಂಡ್ಸರ್‌ನಲ್ಲಿರುವ ಪೆನ್ ಕರಡಿನಲ್ಲಿ, ಯೇಸುವಿಗೆ ದ್ರೋಹ ಮಾಡಿದ ಶಿಷ್ಯ ಯೂದ ಮೇಜಿನ ಈಚೆ ಬದಿಗೆ, ಎಲ್ಲರಿಂದ ಬೇರೆಯಾಗಿ ಕೂತಿದ್ದಾನೆ. ಫ್ಲಾರೆನ್ಸ್‌ನ ಹಳೆಯ ಪದ್ಧತಿ ಹಾಗೇ ಇತ್ತು. ನೋಡಿದ ತಕ್ಷಣ ದ್ರೋಹಿ ಯಾರು ಅಂತ ಗೊತ್ತಾಗುತ್ತದೆ. ಗೋಡೆಯ ಮೇಲೆ ಯೂದ ಎಲ್ಲರ ಜೊತೆ, ಅದೇ ಸಾಲಿನಲ್ಲಿದ್ದಾನೆ. "ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡುಕೊಡುವನು" ಅಂತ ಯೇಸು ಹೇಳಿದಾಗ ಶಿಷ್ಯರಲ್ಲಿ ಎದ್ದ ಗಾಬರಿ ಈಗ ನೋಡುವವರಿಗೂ ತಟ್ಟುತ್ತದೆ, ಅಲ್ವಾ? ಹಾಳೆಗೂ ಗೋಡೆಗೂ ನಡುವೆ ಒಂದು ಕುರ್ಚಿಯ ಜಾಗ ಬದಲಾಗಿದೆ, ಅಷ್ಟೇ.

ಗುಪ್ತ ಸಂಕೇತಗಳ ಮಾತಿಗೆ ಸ್ವಲ್ಪ ದೂರವಿರಿ. ಆದಾಮನ ಚಿತ್ರದಲ್ಲಿ ದೇವರ ಸುತ್ತಲಿನ ಬಟ್ಟೆ ಮನುಷ್ಯನ ಮೆದುಳಿನ ಆಕಾರದಲ್ಲಿದೆ ಎಂದು 1990ರಲ್ಲಿ ಅಮೆರಿಕದ ವೈದ್ಯರೊಬ್ಬರು ಬರೆದರು. ವಾಟ್ಸಾಪ್‌ನಲ್ಲಿ ಅದು ಇನ್ನೂ ಓಡಾಡುತ್ತಿದೆ. ಓದಲು ಮಜವಾಗಿದೆ. ಆದರೆ ಆ ವಾದ ನಿಂತಿರುವುದು ಮುಗಿದ ಚಿತ್ರದ ಹೊರಗೆರೆಯ ಮೇಲೆ, ಕರಡು ಹಾಳೆಗಳ ಮೇಲಲ್ಲ. ಇಂಥದ್ದು ಯಾರಾದರೂ ಹೇಳಿದರೆ "ಯಾವ ಹಾಳೆಯಲ್ಲಿ ಇದರ ಸುಳಿವಿದೆ?" ಅಂತ ಕೇಳಿ.

7. ನಿಮ್ಮ ಓದನ್ನು ಬರೆದಿಡಿ

ಬರೆಯುವಾಗ ಕಣ್ಣಿಗೆ ಕಂಡದ್ದು ಬೇರೆ, ಊಹೆ ಬೇರೆ ಸಾಲಿನಲ್ಲಿ ಇಡಿ. "ಎಡಗಾಲಿನ ಬೆರಳು ಮತ್ತೆ ಮತ್ತೆ ಬಂದಿದೆ" ಇದು ಕಂಡದ್ದು. "ಭಾರ ಹೊರುವ ಬಗೆ ಅವನನ್ನು ಕಾಡುತ್ತಿತ್ತು" ಇದು ಊಹೆ, ಒಳ್ಳೆಯ ಊಹೆ.

"ಇದೇ ಮೊದಲ ಕರಡು", "ಇದೇ ಕೊನೆಯದು" ಅಂತ ಬರೆಯಲು ಹೋಗಬೇಡಿ. ಮೈಕೆಲ್ಯಾಂಜೆಲೊ ತನ್ನ ಹಾಳೆಗಳನ್ನು ತಾನೇ ಸುಟ್ಟವನು. 1518ರಲ್ಲಿ ರೋಮ್‌ನ ಮನೆಯಲ್ಲಿದ್ದ ಕಾರ್ಟೂನ್‌ಗಳನ್ನು ಸುಡಿಸಿದ, ಸಾಯುವ ಮುಂಚೆಯೂ ಒಂದಷ್ಟು ಸುಟ್ಟ. ನಮ್ಮ ಕೈಗೆ ಸಿಕ್ಕಿರುವುದು ಅಳಿದುಳಿದದ್ದು. ಎರಡು ಹಾಳೆಗಳ ನಡುವೆ ಎಷ್ಟು ಹಾಳೆ ಬೂದಿಯಾಗಿದೆಯೋ!

ಅಭ್ಯಾಸಕ್ಕೆ ಮುಂದೆ ಬ್ರಿಟಿಷ್ ಮ್ಯೂಸಿಯಂನ ಹಾಮಾನನ (ಬೈಬಲ್‌ನ ಎಸ್ತೇರಳ ಕಥೆಯ ಖಳ) ಹಾಳೆ ತೆಗೆದುಕೊಳ್ಳಿ. ಅದೂ ಕೆಂಪು ಚಾಕ್, ಅದೂ ಚಾವಣಿಯ ಒಂದು ಮೂಲೆಯ ಚಿತ್ರಕ್ಕೆ ಮಾಡಿದ್ದು. ಕೈ ಚಾಚಿದ, ನೋಡುವವರ ಕಡೆಗೇ ಚಾಚಿಕೊಂಡಂತೆ ಕಾಣುವ ಕಷ್ಟದ ಭಂಗಿ. ಮೊದಲು ಎಸ್ತೇರಳ ಕಥೆ ಓದಿಕೊಳ್ಳಿ, ಆಮೇಲೆ ಚೀಟಿ, ಆಮೇಲೆ ಎಣಿಕೆ. ಗೋಡೆಯ ಫೋಟೊವನ್ನು ಎಣಿಕೆ ಮುಗಿಯುವವರೆಗೆ ತೆರೆಯಬೇಡಿ.